ಓದುಗರ ಪ್ರಶ್ನೆ: ಆಟಿಯ ಮಳೆಯಲ್ಲಿ ಅವಗೆಂಪು ರೋಹಿತ

ಪ್ರಶ್ನೆ: ಕಬ್ಬಿಣ ಮೂಲದ ಅತಿವಾಹಕಗಳ ಮೂಲ ವಸ್ತು ಬೇರಿಯಂ 122ರ (BaFe₂As₂) ಹರಳಿನ ಅವಗೆಂಪು ಪ್ರತಿಫಲನ ಅಳೆಯುತ್ತಿದ್ದೇವೆ. ಮಳೆಗಾಲ ಹಿಡಿದಾಗಿನಿಂದ ರೋಹಿತದ ತುಂಬ ಚೂಪು ಗೆರೆಗಳು. ಹರಳನ್ನು ತಣಿಸಿದರೆ 3200 ಸೆಂ.ಮೀ.⁻¹ (ಒಂದು ಸೆಂ.ಮೀ.ಗೆ ಎಷ್ಟು ಅಲೆ ಎಂಬ ಅಳತೆ) ಸುತ್ತ ಅಗಲವಾದ ತಗ್ಗು. ಇವು ಹರಳಿನವೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಅಲ್ಲ, ಎರಡೂ ನೀರಿನ ಕಾಟ. ಚೂಪು ಗೆರೆಗಳು ಬೆಳಕಿನ ದಾರಿಯಲ್ಲಿರುವ ನೀರಾವಿಯವು. ಹರಳಿನ ಉಷ್ಣತೆ ಬದಲಿಸಿದರೂ ಕದಲುವುದಿಲ್ಲ. ಒಣ ನೈಟ್ರೋಜನ್ ಹರಿವನ್ನು ರಾತ್ರಿಯೂ ನಿಲ್ಲಿಸಬೇಡಿ. ನೀಲಿ ಸಿಲಿಕಾ ಜೆಲ್ ಗುಲಾಬಿಯಾದರೆ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ. ಹಪ್ಪಳವೇ ಮೆತ್ತಗಾಗುವ ಊರಿದು. ಬೆಳಕನ್ನು ಎರಡಾಗಿ ಸೀಳುವ ಪೊಟ್ಯಾಸಿಯಂ ಬ್ರೋಮೈಡ್ ಬೀಮ್‌ಸ್ಪ್ಲಿಟರ್ ಮಂಜಾಗಲು ಹೆಚ್ಚು ದಿನ ಬೇಡ. ಮಂಜಾದ ಮೇಲೆ ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ, ಅಷ್ಟೆ.

ಅಗಲದ ತಗ್ಗು ಹರಳಿನ ಮೇಲೆ ಕೂತ ಐಸ್. ಬೆಚ್ಚಗೆ ಮಾಡಿ ಮತ್ತೆ ಅಳೆಯಿರಿ, ಮಾಯವಾದರೆ ಖಚಿತ. ಕೋಣೆಯ ಉಷ್ಣತೆಯಲ್ಲೇ ರಾತ್ರಿಯಿಡೀ ಪಂಪ್ ಮಾಡಿ ಗಾಳಿ ತೆಗೆಯಿರಿ, ಆಮೇಲೆ ತಣಿಸಿ.

ಇಷ್ಟು ಹಟ ಏಕೆಂದರೆ, ದೂರದ ಅವಗೆಂಪಿನಲ್ಲಿ ಈ ಹರಳು ಬಹುತೇಕ ಕನ್ನಡಿ. ಅಲ್ಲಿ ವಾಹಕತೆಯನ್ನು ನಿರ್ಧರಿಸುವುದು ಪ್ರತಿಫಲಿಸದೆ ಉಳಿದ ಪಾಲು. 98 ಶೇಕಡದ ಜಾಗದಲ್ಲಿ 99 ಬರೆದುಕೊಂಡರೆ ಆ ಪಾಲು ಅರ್ಧವಾಗುತ್ತದೆ, ಲೋಹದ ಪ್ರತಿಫಲನವನ್ನು ವಾಹಕತೆಗೆ ಜೋಡಿಸುವ ಹೇಗನ್–ರೂಬೆನ್ಸ್ ಸೂತ್ರದಲ್ಲಿ ವಾಹಕತೆ ನಾಲ್ಕು ಪಟ್ಟಾಗುತ್ತದೆ! ಪಕ್ಕದಲ್ಲಿಟ್ಟ ಕನ್ನಡಿಯೊಂದಿಗೆ ಹೋಲಿಸಿ ತೃಪ್ತಿಪಡಬೇಡಿ. ಟೇಪಿನಿಂದ ಹೊಸದಾಗಿ ಸೀಳಿದ ಮುಖವನ್ನು ಎಲ್ಲ ಉಷ್ಣತೆಗಳಲ್ಲೂ ಅಳೆದು, ಹರಳನ್ನು ಕದಲಿಸದೆ ನಿರ್ವಾತದಲ್ಲೇ ಅದರ ಮೇಲೆ ಚಿನ್ನ ಆವಿಮಾಡಿ ಲೇಪಿಸಿ, ಅದೇ ಉಷ್ಣತೆಗಳಲ್ಲಿ ಪುನಃ ಅಳೆಯಿರಿ. ಎರಡರ ಅನುಪಾತವನ್ನು ಚಿನ್ನದ ಪ್ರತಿಫಲನದಿಂದ ಗುಣಿಸಿದರೆ ಹರಳಿನ ಓರೆಕೋರೆಯ ದೋಷವೂ ಕಳೆಯುತ್ತದೆ. ಹರಳಿಗೆ ಪಾಲಿಶ್ ಮಾತ್ರ ಬೇಡ, ಮೇಲ್ಪದರ ಹಾಳಾಗುತ್ತದೆ.

ಪ್ರಶ್ನೆ: ಇದೇ ಹರಳಿನಲ್ಲಿ ಸುಮಾರು 138 ಕೆಲ್ವಿನ್ ಕೆಳಗೆ ಸ್ಪಿನ್ ಸಾಂದ್ರತಾ ಅಲೆ (ಎಲೆಕ್ಟ್ರಾನ್ ಸ್ಪಿನ್‌ಗಳ ಅಲೆಯಂಥ ಕ್ರಮ) ಮೂಡಿ ಗ್ಯಾಪ್ (ಎಲೆಕ್ಟ್ರಾನ್‌ಗಳಿಗೆ ಜಾಗವಿಲ್ಲದ ಶಕ್ತಿಯ ಅಂತರ) ತೆರೆಯುತ್ತದಂತೆ. ಹಾಗಾದರೆ ರೋಧ ಏರಬೇಕಲ್ಲ, ಇಳಿಯುವುದೇಕೆ?
– ಓದುಗ, ಉಡುಪಿ

ಉತ್ತರ: ಗ್ಯಾಪ್ ತೆರೆಯುವುದು ಫರ್ಮಿ ಮೇಲ್ಮೈಯ (ವಿದ್ಯುತ್ ಹರಿಸುವ ಎಲೆಕ್ಟ್ರಾನ್ ಸ್ಥಿತಿಗಳ ಗಡಿ) ಒಂದು ಭಾಗದಲ್ಲಿ ಮಾತ್ರ. ವಾಹಕಗಳ ಸಂಖ್ಯೆ ಇಳಿಯುತ್ತದೆ ನಿಜ, ಆದರೆ ಉಳಿದವು ಚದುರುವ ದರ ಅದಕ್ಕಿಂತ ಬಿರುಸಾಗಿ ಬೀಳುತ್ತದೆ. ವಾಹಕತೆಯ ನಕ್ಷೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಸ್ವತಂತ್ರ ವಾಹಕಗಳಿಂದ ಬರುವ ಡ್ರೂಡೆ ಶಿಖರ ಸಪುರವಾಗಿ ಸೊನ್ನೆಯ ಕಡೆ ಸರಿಯುತ್ತದೆ, ಅದರ ಪಕ್ಕ ಹಳ್ಳ ಬೀಳುತ್ತದೆ, ಹಳ್ಳದಿಂದ ಹೋದ ತೂಕ (ನಕ್ಷೆಯ ಕೆಳಗಿನ ವಿಸ್ತೀರ್ಣ) 1000 ಸೆಂ.ಮೀ.⁻¹ ಆಸುಪಾಸು ಗುಡ್ಡೆಯಾಗುತ್ತದೆ. ಪ್ರತಿಫಲನದಿಂದ ವಾಹಕತೆ ತೆಗೆಯುವ ಕ್ರೇಮರ್ಸ್–ಕ್ರೋನಿಗ್ ಲೆಕ್ಕದಲ್ಲಿ ಸೊನ್ನೆ ಆವರ್ತನದ ವಾಹಕತೆಯು ನಾಲ್ಕು ತಂತಿಯ ರೋಧದ ಅಳತೆಗೆ ಹೊಂದದಿದ್ದರೆ, ಗುಡ್ಡೆಯ ಎತ್ತರವನ್ನು ಇನ್ನೂ ನಂಬಬೇಡಿ.