ಹೊಸ ಬ್ಯಾಟರಿ ಹಾಕಿದರೂ ಲೈಟು ಮಂದ!

ಪ್ರಶ್ನೆ: ನಮ್ಮದು ಹಳೇ ಟ್ರ್ಯಾಕ್ಟರ್, ಡೈನಮೋ ಇರುವಂಥದ್ದು. ಇಂಜಿನ್ ಸ್ಲೋ ಇದ್ದಾಗ ಹೆಡ್‌ಲೈಟು ಮಂದ, ರೇಸ್ ಮಾಡಿದರೆ ಸ್ವಲ್ಪ ಜೋರು. ಎಡಗಡೆಯದ್ದಂತೂ ಯಾವಾಗಲೂ ಕೆಂಪಗೆ. ಹೊಸ ಬ್ಯಾಟರಿ ಹಾಕಿದೆ, ಏನೂ ಬದಲಾಗಲಿಲ್ಲ. ಡೈನಮೋ ಬದಲು ಆಲ್ಟರ್ನೇಟರ್ ಹಾಕಿಸಿ ಅಂತ ಮೆಕ್ಯಾನಿಕ್ ಹೇಳ್ತಾರೆ. ಹಾಕಿಸಲಾ?
– ಒಬ್ಬ ಓದುಗರು, ಬ್ರಹ್ಮಾವರ

ಉತ್ತರ: ಸ್ವಲ್ಪ ತಡೆಯಿರಿ ಮಾರಾಯ್ರೇ. ಡೈನಮೋ ಎರಡೂ ಲೈಟಿಗೆ ಒಂದೇ ಅಲ್ವಾ? ಎಡದ್ದು ಮಾತ್ರ ಕೆಂಪಗೆ ಉರಿಯುತ್ತದೆ ಅಂದರೆ ತೊಂದರೆ ಆ ಬದಿಯಲ್ಲೇ ಇದೆ. ನನ್ನ ಅನುಮಾನ ಅರ್ತ್ ಮೇಲೆ, ಅಂದರೆ ಲೈಟಿನಿಂದ ಕರೆಂಟು ಗಾಡಿಯ ಚೇಸಿಸ್ (ಕಬ್ಬಿಣದ ಚೌಕಟ್ಟು) ಮೂಲಕ ಬ್ಯಾಟರಿಗೆ ವಾಪಸು ಹೋಗುವ ದಾರಿ.

ಒಂದು ಸಾದಾ ಮಲ್ಟಿಮೀಟರ್ ತಂದು 20 ವೋಲ್ಟ್ ಡಿಸಿಯಲ್ಲಿಡಿ. ಇಂಜಿನ್ ಆಫ್, ಲೈಟು ಆನ್. ಚೇಸಿಸ್‌ಗೆ ವೈರು ಹೋಗಿದೆಯಲ್ಲ, ಬ್ಯಾಟರಿಯ ಆ ಪೋಸ್ಟಿಗೆ ಮೀಟರಿನ ಒಂದು ಕಡ್ಡಿ (ಕ್ಲಾಂಪಿಗೆ ಅಲ್ಲ, ಸೀಸದ ಪೋಸ್ಟಿಗೇ), ಇನ್ನೊಂದನ್ನು ಎಡ ಹೆಡ್‌ಲೈಟಿನ ಲೋಹದ ಬಾಡಿಗೆ ಹಿಡಿಯಿರಿ. ಹೆಚ್ಚುಕಮ್ಮಿ ಸೊನ್ನೆ ಬರಬೇಕು. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ. ನಮ್ಮ ಮನೆಯ ಗಾಡಿಯಲ್ಲಿ 2.3 ಬಂದಿತ್ತು! ಬ್ರಾಕೆಟಿನ ಬೋಲ್ಟ್ ಬಿಚ್ಚಿ ನೋಡಿದರೆ ಪೇಂಟಿನ ಮೇಲೆ ಪೇಂಟು, ಅದರಡಿ ತುಕ್ಕು ಚಕ್ಕೆ ಚಕ್ಕೆಯಾಗಿ ಎದ್ದಿತ್ತು, ವೈರಿನ ತುದಿಯ ತಾಮ್ರ ಪಾಚಿಯ ಹಾಗೆ ಹಸಿರು. ನಮ್ಮ ಕರಾವಳಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಗದ್ದೆಯ ಕೆಸರು, ಇಷ್ಟಾದ ಮೇಲೆ ಇನ್ನೇನಾದೀತು. ಎಮರಿ ಪೇಪರಿನಲ್ಲಿ ಬಿಳಿ ಕಬ್ಬಿಣ ಕಾಣುವವರೆಗೆ ತಿಕ್ಕಿ, ಬಿಗಿ ಮಾಡಿ, ಮೇಲಿಂದ ವ್ಯಾಸಲೀನ್ ಸವರಿದೆ. ಅಷ್ಟೇ. ಲೈಟು ಬೆಳ್ಳಗಾಯಿತು.

ಅರ್ತ್ ಸರಿ ಇದ್ದರೆ ಇದೇ ರೀತಿ ಬ್ಯಾಟರಿಯ ಇನ್ನೊಂದು ಪೋಸ್ಟಿನಿಂದ ಬಲ್ಬಿನ ವೈರಿನವರೆಗೆ ಅಳೆಯಿರಿ. 55 ವ್ಯಾಟಿನ ಎರಡು ಬಲ್ಬು ಅಂದರೆ 9 ಆಂಪ್ ಕರೆಂಟು, ಅಷ್ಟೂ ಆ ಹಳೇ ಸ್ವಿಚ್ಚಿನೊಳಗಿಂದಲೇ ಹೋಗಬೇಕು. ಸ್ವಿಚ್ಚು ಮುಟ್ಟಿದಾಗ ಬಿಸಿಯಾಗಿದ್ದರೆ ಬದಲಿಸಿ, ಒಂದು ರಿಲೇ (ಸ್ವಿಚ್ಚಿನ ಬದಲು ತಾನೇ ಜಾಸ್ತಿ ಕರೆಂಟು ಹೊರುವ ಸಾಧನ) ಹಾಕಿಸಿದರೆ ಇನ್ನೂ ಒಳ್ಳೇದು.

ಇನ್ನು ಸ್ಲೋದಲ್ಲಿ ಮಂದವಾಗುವುದು. ಡೈನಮೋ ಸ್ವಭಾವವೇ ಅದು, ಸ್ಲೋದಲ್ಲಿ ಅದು ಚಾರ್ಜ್ ಮಾಡುವುದೇ ಕಡಿಮೆ. ಅರ್ಧ ರೇಸಿನಲ್ಲಿ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇದ್ದರೆ ಚಿಂತೆ ಬೇಡ. 12ರ ಆಸುಪಾಸಿನಲ್ಲೇ ನಿಂತರೆ ಮೊದಲು ಬೆಲ್ಟು, ಆಮೇಲೆ ಡೈನಮೋದ ಕಾರ್ಬನ್ ಬ್ರಶ್ಶು, ಕಟೌಟು (ಬ್ಯಾಟರಿಯ ಕರೆಂಟು ಡೈನಮೋಗೆ ವಾಪಸು ಹರಿಯದಂತೆ ತಡೆಯುವ ಸ್ವಿಚ್ಚು) ನೋಡಿಸಿ. 15 ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬಲ್ಬು ಸುಡುತ್ತದೆ, ಬ್ಯಾಟರಿ ನೀರೂ ಬೇಗ ಆರುತ್ತದೆ.

ರಾತ್ರಿ ಉಳುಮೆ ಜಾಸ್ತಿ ಇದ್ದರೆ, ಸ್ಲೋದಲ್ಲೂ ಚೆನ್ನಾಗಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಿಸಿ, ತಪ್ಪಲ್ಲ. ಆದರೆ ಅರ್ತ್ ಸರಿ ಮಾಡದೆ ಹಾಕಿಸಿದರೆ ದುಡ್ಡು ಹೋಗುತ್ತದೆ, ಎಡಗಡೆ ಲೈಟು ಕೆಂಪಗೇ ಇರುತ್ತದೆ. ಹಾಕಿಸಿದ ಮೇಲೆ ಯಾರಾದರೂ ಚಾರ್ಜ್ ಆಗ್ತಿದೆಯಾ ನೋಡಲು ಇಂಜಿನ್ ಓಡುವಾಗಲೇ ಬ್ಯಾಟರಿ ವೈರು ತೆಗೆಯಲು ಬಂದರೆ ಕೈ ಹಿಡಿದು ನಿಲ್ಲಿಸಿ, ಆಲ್ಟರ್ನೇಟರಿನ ಒಳಗಿನ ಡಯೋಡು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಸುಟ್ಟುಹೋದೀತು.