ಅರಸರ ಹಣ, ಗ್ರಹಣದ ಗಳಿಗೆ

ಮಾನ್ಯರೇ,

ಪ್ಯಾರಿಸ್ ವೀಕ್ಷಣಾಲಯದ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಶಿವಮೊಗ್ಗದಿಂದ ಬರೆದ ಪತ್ರ ತಲುಪಿದೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯಂಥ ನಿರಂಕುಶ ದೊರೆಯ ವಿಜ್ಞಾನಪೋಷಣೆಯನ್ನು ಕೊಂಡಾಡುವುದು ಸಲ್ಲದು, ವರ್ಸೇ ಅರಮನೆಯಂತೆ ವೀಕ್ಷಣಾಲಯವೂ ಅವನ ಆಡಂಬರದ ಒಂದು ಭಾಗವಷ್ಟೇ, ಅಂಥ ಆಶ್ರಯದಲ್ಲಿ ಬೆಳೆದ ವಿದ್ಯೆ ಅರಸನೊಂದಿಗೇ ಮಣ್ಣಾಗುತ್ತದೆ ಎಂದು ತಾವು ವಾದಿಸಿದ್ದೀರಿ. ಆ ಕಾಲದ ಅನ್ವೇಷಣೆಗಳಲ್ಲಿ ಏಷ್ಯಾದ ಅರಸರಿಗೆ ಬೆರಗಾಗಿ ನೋಡುವುದನ್ನು ಬಿಟ್ಟು ಬೇರೆ ಪಾತ್ರವೇ ಇರಲಿಲ್ಲವೇ ಎಂದೂ ಕೇಳಿದ್ದೀರಿ. ಎರಡೂ ಗಂಭೀರವಾದ ಮಾತುಗಳಾದ್ದರಿಂದ ಈ ಉತ್ತರ ಸ್ವಲ್ಪ ದೀರ್ಘವಾಗಿದೆ.

ಅರಸನ ಉದ್ದೇಶದ ಬಗ್ಗೆ ತಮ್ಮೊಂದಿಗೆ ನಮಗೆ ಜಗಳವಿಲ್ಲ. 1666ರಲ್ಲಿ ವಿಜ್ಞಾನ ಅಕಾಡೆಮಿಯನ್ನೂ ಮರುವರ್ಷ ವೀಕ್ಷಣಾಲಯವನ್ನೂ ಆರಂಭಿಸಿದ ಮಂತ್ರಿ ಕೋಲ್ಬೇರ್‌ನ ಮನಸ್ಸಿನಲ್ಲಿ ಹಡಗುಗಳು, ವ್ಯಾಪಾರ, ನಕ್ಷೆ ಮತ್ತು ದೊರೆಯ ಕೀರ್ತಿ ಒಟ್ಟಿಗೇ ಇದ್ದವು. ಇಟಲಿಯ ಬೊಲೋನ್ಯಾದಿಂದ 1669ರಲ್ಲಿ ಬಂದ ಖಗೋಳಜ್ಞ ಕ್ಯಾಸಿನಿ, ತಾನು ಶನಿಗ್ರಹದ ಸುತ್ತ ಕಂಡುಹಿಡಿದ ನಾಲ್ಕು ಉಪಗ್ರಹಗಳನ್ನು ಲೂಯಿಯ ನಕ್ಷತ್ರಗಳೆಂದು ಕರೆದು ದೊರೆಗೆ ಅರ್ಪಿಸಿದನು. ಅದು ಆಸ್ಥಾನದ ಹೊಗಳಿಕೆಯೇ ಹೊರತು ಬೇರೇನೂ ಅಲ್ಲ. ಆದರೆ ಒಂದು ಅಳತೆಯ ಬೆಲೆಯನ್ನು ಅದಕ್ಕೆ ಹಣ ಕೊಟ್ಟವನ ಉದ್ದೇಶದಿಂದ ಕಟ್ಟಲಾಗದು, ಅದನ್ನು ಬೇರೆಯವರು ಬೇರೆ ಕಡೆ ನಿಂತು ಪರೀಕ್ಷಿಸಬಹುದಾಗಿತ್ತೇ ಎಂಬುದರಿಂದ ಕಟ್ಟಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಝಾಂ ರಿಶೇ ಎಂಬವನ ಕೆಲಸವನ್ನೇ ನೋಡಿ. ಸಮಭಾಜಕ ವೃತ್ತದಿಂದ ಕೇವಲ 5 ಡಿಗ್ರಿ ಉತ್ತರಕ್ಕಿರುವ, ದಕ್ಷಿಣ ಅಮೆರಿಕದ ಕಯೆನ್‌ಗೆ ಅಕಾಡೆಮಿ ಅವನನ್ನು 1672ರಲ್ಲಿ ಕಳುಹಿಸಿತು. ಮಂಗಳಗ್ರಹದ ಸ್ಥಾನವನ್ನು ಅವನು ಅಲ್ಲಿಂದಲೂ ಕ್ಯಾಸಿನಿ ಪ್ಯಾರಿಸ್‌ನಿಂದಲೂ ಅಳೆದು, ಆ ವ್ಯತ್ಯಾಸದಿಂದ ಸೂರ್ಯನ ದೂರವನ್ನು ಲೆಕ್ಕಹಾಕುವುದು ಮುಖ್ಯ ಉದ್ದೇಶವಾಗಿತ್ತು. ಅದು ಬಹುಮಟ್ಟಿಗೆ ನೆರವೇರಿತು ಕೂಡ. ಆದರೆ ಯಾರೂ ನಿರೀಕ್ಷಿಸದಿದ್ದ ಸಂಗತಿ ಲೋಲಕದಲ್ಲಿ ಕಂಡಿತು. ಪ್ಯಾರಿಸ್‌ನಲ್ಲಿ ಸರಿಯಾಗಿ ಸೆಕೆಂಡಿಗೊಮ್ಮೆ ತೂಗುವ ಲೋಲಕ ಕಯೆನ್‌ನಲ್ಲಿ ನಿಧಾನವಾಯಿತು, ಅದನ್ನು ಆಧರಿಸಿದ ಗಡಿಯಾರ ದಿನಕ್ಕೆ ಎರಡು ನಿಮಿಷಕ್ಕೂ ಮೀರಿ ಹಿಂದೆ ಬೀಳುವಷ್ಟು. ಸರಿಪಡಿಸಲು ಲೋಲಕವನ್ನು ಸುಮಾರು 2.8 ಮಿಲಿಮೀಟರಿನಷ್ಟು ಚಿಕ್ಕದಾಗಿಸಬೇಕಾಯಿತು. ರಿಶೇ ಇದನ್ನು ಒಮ್ಮೆ ನೋಡಿ ಬರೆದಿಟ್ಟು ಸುಮ್ಮನಾಗಲಿಲ್ಲ, ಹತ್ತು ತಿಂಗಳ ಕಾಲ ವಾರವಾರವೂ ಅದೇ ಪರೀಕ್ಷೆಯನ್ನು ಮಾಡಿದನು. ಊರಿಗೆ ಮರಳಿದಾಗ ಕ್ಯಾಸಿನಿಗೇ ಆ ಫಲಿತಾಂಶದಲ್ಲಿ ನಂಬಿಕೆ ಹುಟ್ಟಲಿಲ್ಲ. ಕೊನೆಗೆ ಅದರ ಅರ್ಥ ಬಿಡಿಸಿದವರಲ್ಲಿ ಪ್ರಮುಖನು ಇಂಗ್ಲೆಂಡಿನ ನ್ಯೂಟನ್: ಭೂಮಿ ಸಮಭಾಜಕದ ಬಳಿ ಉಬ್ಬಿರುವುದರಿಂದ ಮತ್ತು ಅದರ ಆವರ್ತನೆಯಿಂದ ಅಲ್ಲಿ ವಸ್ತುಗಳ ತೂಕ ಕಡಿಮೆ ಎಂದು ಅವನು 1687ರ ತನ್ನ ಮಹಾಗ್ರಂಥದಲ್ಲಿ ವಾದಿಸಿದಾಗ ರಿಶೇಯ ಲೋಲಕವೇ ಸಾಕ್ಷಿಯಾಗಿ ನಿಂತಿತು. ಫ್ರಾನ್ಸಿನ ಖಜಾನೆಯ ಹಣದಿಂದ ದೊರೆತ ಅಂಕಿ ಪರರಾಜ್ಯದ ಪಂಡಿತನ ಕೈಯಲ್ಲಿ ಫಲ ಕೊಟ್ಟಿದ್ದನ್ನು ಯಾವ ಆಡಂಬರದ ಲೆಕ್ಕಕ್ಕೆ ಸೇರಿಸುವುದು?

ಅಕಾಡೆಮಿಯ ಪಂಡಿತರಾದ ಪಿಕಾರ್ ಮತ್ತು ಲಾ ಹೀರ್ ಫ್ರಾನ್ಸಿನ ಕರಾವಳಿಯನ್ನು ಹೊಸದಾಗಿ ಅಳೆದಾಗಲೂ ಹೀಗೆಯೇ ಆಯಿತು. ಹಳೆಯ ನಕ್ಷೆಗಳಿಗಿಂತ ದೇಶ ಚಿಕ್ಕದೆಂದು, ಪಶ್ಚಿಮದ ತೀರ ಬಹಳ ಒಳಗಿದೆಯೆಂದು ಗೊತ್ತಾಯಿತು. ಶತ್ರುಗಳಿಗಿಂತ ಹೆಚ್ಚಿನ ನೆಲವನ್ನು ಈ ಪಂಡಿತರೇ ಕಳೆದರು ಎಂದು ದೊರೆ ಅಂದನೆಂಬ ಕಥೆ ಬಲು ಪ್ರಸಿದ್ಧ. ಅವನು ಹಾಗೆ ಅಂದಿರಲಿ ಬಿಡಲಿ, ನಕ್ಷೆಯನ್ನಂತೂ ಮತ್ತೆ ಹಿಗ್ಗಿಸಲಿಲ್ಲ.

ಇನ್ನು ಏಷ್ಯಾದ ಅರಸರ ಪ್ರಶ್ನೆ. ಇದಕ್ಕೆ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ದೊರೆ ನಾರಾಯ್‌ಗಿಂತ ಒಳ್ಳೆಯ ಉದಾಹರಣೆ ನಮಗೆ ಹೊಳೆಯುವುದಿಲ್ಲ. ಡಚ್ಚರ ಒತ್ತಡಕ್ಕೆ ಎದುರಾಗಿ ಇನ್ನೊಂದು ಯುರೋಪಿಯನ್ ಶಕ್ತಿಯ ಸ್ನೇಹವನ್ನು ಬಯಸಿದ ಅವನು ಲೂಯಿಯೊಂದಿಗೆ ರಾಯಭಾರ ಬೆಳೆಸಿದನು. ನಾರಾಯ್‌ನನ್ನು ಕ್ರೈಸ್ತಮತಕ್ಕೆ ಸೇರಿಸಬೇಕೆಂಬ ಆಸೆ ಹೊತ್ತ ಲೂಯಿ 1685ರ ಮಾರ್ಚ್‌ನಲ್ಲಿ ಬ್ರೆಸ್ಟ್ ಬಂದರಿನಿಂದ ರಾಯಭಾರಿಯನ್ನು ಕಳುಹಿಸಿದಾಗ, ಅದೇ ಹಡಗಿನಲ್ಲಿ ‘ದೊರೆಯ ಗಣಿತಜ್ಞರು’ ಎಂಬ ಬಿರುದು ಪಡೆದ ಆರು ಮಂದಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳೂ ಹೊರಟರು. ದೂರದರ್ಶಕಗಳು, ಲೋಲಕದ ಗಡಿಯಾರಗಳು ಮತ್ತು ಗುರುಗ್ರಹದ ಉಪಗ್ರಹಗಳ ಬಗ್ಗೆ ಕ್ಯಾಸಿನಿ ಸಿದ್ಧಪಡಿಸಿದ ಕೋಷ್ಟಕಗಳು ಅವರ ಬಳಿ ಇದ್ದವು. ದಾರಿಯಲ್ಲಿ ಗುಡ್‌ಹೋಪ್ ಭೂಶಿರದಲ್ಲಿ ತಂಗಿದಾಗ, ಅಲ್ಲಿನ ಡಚ್ ಅಧಿಕಾರಿ ಕಂಪನಿಯ ತೋಟದ ಮಂಟಪವನ್ನೇ ಅವರಿಗೆ ಬಿಟ್ಟುಕೊಟ್ಟನು. ಆ ಉಪಗ್ರಹಗಳನ್ನು ನೋಡಿ ಅವರು ಭೂಶಿರದ ರೇಖಾಂಶವನ್ನು ಲೆಕ್ಕಹಾಕಿದರು.

ರೇಖಾಂಶವೇ ಆ ಶತಮಾನದ ದೊಡ್ಡ ಕಗ್ಗಂಟು. ಸೂರ್ಯನ ಅಥವಾ ಧ್ರುವನಕ್ಷತ್ರದ ಎತ್ತರದಿಂದ ಅಕ್ಷಾಂಶ ಸಿಗುತ್ತದೆ, ಆದರೆ ರೇಖಾಂಶಕ್ಕೆ ಎರಡು ಊರುಗಳ ಸ್ಥಳೀಯ ವೇಳೆಯ ವ್ಯತ್ಯಾಸ ಬೇಕು. ಚಂದ್ರಗ್ರಹಣ ಆಗ ಚಂದ್ರ ದಿಗಂತದ ಮೇಲಿರುವ ಎಲ್ಲ ಊರುಗಳಿಗೂ ಒಂದೇ ಕ್ಷಣದಲ್ಲಿ ಕಾಣುವುದರಿಂದ, ಇಬ್ಬರು ವೀಕ್ಷಕರು ತಮ್ಮ ತಮ್ಮ ಗಡಿಯಾರದಲ್ಲಿ ಆ ಕ್ಷಣವನ್ನು ಗುರುತಿಸಿಕೊಂಡರೆ ಸಾಕು, ಒಂದು ಗಂಟೆಯ ಅಂತರಕ್ಕೆ 15 ಡಿಗ್ರಿಯಂತೆ ಲೆಕ್ಕ ಹೊರಡುತ್ತದೆ. ಆದರೆ ಭೂಮಿಯ ನೆರಳಿನ ಅಂಚು ಮಸುಕು. ಒಂದು ನಿಮಿಷ ತಪ್ಪಿದರೆ ಸಯಾಮಿನ ಅಕ್ಷಾಂಶದಲ್ಲಿ 25 ಕಿಲೋಮೀಟರಿಗೂ ಹೆಚ್ಚಿನ ತಪ್ಪು ನಕ್ಷೆಯ ಮೇಲೆ ಬೀಳುತ್ತದೆ.

1685ರ ಡಿಸೆಂಬರ್ 11ರ ನಸುಕಿನಲ್ಲಿ ಲೋಪ್‌ಬುರಿಯ ಹೊರವಲಯದ ಅರಮನೆಯಲ್ಲಿ ನಾರಾಯ್ ತೆರೆದ ಕಿಟಕಿಯಿಂದ ದೂರದರ್ಶಕ ಹಿಡಿದು ಗ್ರಹಣವನ್ನು ನೋಡಿದನು. ಈ ಪ್ರಸಂಗದ ಒಂದು ಕೆತ್ತನೆ ಚಿತ್ರ ಉಳಿದುಬಂದಿದೆ. ಸಯಾಮಿನ ಆಸ್ಥಾನದ ಕಟ್ಟಳೆಯಂತೆ ಅಧಿಕಾರಿಗಳು ತಲೆ ಎತ್ತದೆ ನೆಲಕ್ಕೆ ಬಾಗಿದ್ದಾರೆ, ಪಾದ್ರಿಗಳು ಮಾತ್ರ ತಮ್ಮ ಉಪಕರಣಗಳೊಡನೆ ಆಕಾಶದತ್ತ ಮುಖಮಾಡಿದ್ದಾರೆ. ಗ್ರಹಣದ ಗಳಿಗೆಯನ್ನು ಹಿಡಿಯಬೇಕಾದವರು ತಲೆ ತಗ್ಗಿಸಿ ಕೂರಲಾಗದಷ್ಟೆ. ಪ್ಯಾರಿಸ್‌ನಲ್ಲಿ ಅದು ಹಿಂದಿನ ದಿನದ ರಾತ್ರಿ. ಎರಡೂ ಊರುಗಳ ಸ್ಥಳೀಯ ವೇಳೆಗೆ ಇರುವ ಅಂತರ ಇಂದಿನ ಲೆಕ್ಕದಲ್ಲಿ ಸುಮಾರು 6 ಗಂಟೆ 33 ನಿಮಿಷ. ಪೂರ್ವ ಏಷ್ಯಾವನ್ನು ಹಳೆಯ ನಕ್ಷೆಗಳು ಅದರ ನಿಜವಾದ ಜಾಗಕ್ಕಿಂತ ಬಹಳ ಪೂರ್ವಕ್ಕೆ ತಳ್ಳಿದ್ದವು ಎಂಬುದು ಇಂಥ ವೀಕ್ಷಣೆಗಳಿಂದ ಸ್ಥಿರಪಟ್ಟಿತು.

ನಾರಾಯ್ ಬರಿಯ ಪ್ರೇಕ್ಷಕನಾಗಿ ಉಳಿಯಲಿಲ್ಲ. ಇನ್ನಷ್ಟು ಗಣಿತಜ್ಞರನ್ನು ಕಳುಹಿಸಬೇಕೆಂದು ಕೇಳಿ, ಲೋಪ್‌ಬುರಿಯಲ್ಲಿ ವೀಕ್ಷಣಾಲಯವನ್ನೂ ಕಟ್ಟಿಸತೊಡಗಿದನು. ಅದರ ಅವಶೇಷಗಳು ಇಂದಿಗೂ ಅಲ್ಲಿವೆ. ಸಯಾಮಿನಲ್ಲಿ ಗ್ರಹಗಣಿತ ಮೊದಲೇ ಇತ್ತು ಎಂಬುದೂ ತಮ್ಮ ಪ್ರಶ್ನೆಗೆ ಸಂಬಂಧಿಸಿದ ಮಾತು. 1687ರಲ್ಲಿ ರಾಯಭಾರಿಯಾಗಿ ಹೋದ ಲಾ ಲೂಬೇರ್, ಸೂರ್ಯಚಂದ್ರರ ಸ್ಥಾನವನ್ನು ಲೆಕ್ಕಹಾಕುವ ಅಲ್ಲಿನ ಸೂತ್ರಗಳ ಪ್ರತಿಯನ್ನು ಪ್ಯಾರಿಸ್‌ಗೆ ತಂದನು. ಇಂತಿಷ್ಟರಿಂದ ಗುಣಿಸು, ಇಂತಿಷ್ಟರಿಂದ ಭಾಗಿಸು ಎಂದಷ್ಟೇ ಇದ್ದ, ಕಾರಣವನ್ನು ಎಲ್ಲಿಯೂ ಹೇಳದ ಆ ಪಾಠವನ್ನು ಕ್ಯಾಸಿನಿ ಬಿಡಿಸಿ, ಅದರ ಆರಂಭದ ದಿನ ಕ್ರಿ.ಶ. 638ರ ಮಾರ್ಚ್‌ನಲ್ಲಿ ಬೀಳುತ್ತದೆಂದೂ, ಅದರೊಳಗಿನ ತಿದ್ದುಪಡಿಗಳನ್ನು ನೋಡಿದರೆ ಮೂಲ ಲೆಕ್ಕ ಸಯಾಮಿಗಿಂತ ಪಶ್ಚಿಮದ ಒಂದು ರೇಖಾಂಶಕ್ಕೆ ಸೇರಿದ್ದೆಂದೂ ತೋರಿಸಿದನು. ಆ ಪಶ್ಚಿಮ ಎಂದರೆ ಭಾರತ. ನಮ್ಮ ಪಂಚಾಂಗಕರ್ತರು ಬಲ್ಲ ಅಹರ್ಗಣದ, ಅಂದರೆ ಒಂದು ಆರಂಭದ ದಿನದಿಂದ ಕಳೆದ ದಿನಗಳನ್ನು ಎಣಿಸುವ, ಗಣಿತವೇ ಸಯಾಮಿಗೆ ಹೋಗಿ, ಅಲ್ಲಿಂದ ಲೂಯಿಯ ವೀಕ್ಷಣಾಲಯವನ್ನು ತಲುಪಿ, 1691ರಲ್ಲಿ ಫ್ರೆಂಚಿನಲ್ಲಿ ಅಚ್ಚಾಯಿತು.

ಅರಸರ ಕೈ ಎಷ್ಟು ಕಟ್ಟಬಲ್ಲದೋ ಅಷ್ಟನ್ನೇ ಕೆಡವಬಲ್ಲದು ಎಂಬ ತಮ್ಮ ಎಚ್ಚರಿಕೆಗೂ ಈ ಕಥೆಯಲ್ಲಿ ಆಧಾರವಿದೆ, ಅದನ್ನು ಬಿಟ್ಟು ಹೇಳುವುದು ನ್ಯಾಯವಲ್ಲ. ಲೋಪ್‌ಬುರಿಯ ಆ ಗ್ರಹಣಕ್ಕೆ ಎರಡು ತಿಂಗಳ ಮೊದಲಷ್ಟೇ ಲೂಯಿ ತನ್ನ ಪ್ರಾಟೆಸ್ಟೆಂಟ್ ಪ್ರಜೆಗಳಿಗಿದ್ದ ಧಾರ್ಮಿಕ ಹಕ್ಕನ್ನು ರದ್ದುಗೊಳಿಸಿದ್ದನು. ಲಕ್ಷಕ್ಕೂ ಮಿಕ್ಕಿ ಜನ ದೇಶ ಬಿಟ್ಟರು. ಅಕಾಡೆಮಿಯ ಆರಂಭದ ದಿನಗಳಲ್ಲಿ ಅದರ ಶಿಖರದಂತಿದ್ದ ಡಚ್ ಪ್ರಾಟೆಸ್ಟೆಂಟ್ ವಿಜ್ಞಾನಿ ಹೈಗೆನ್ಸ್ 1681ರಲ್ಲಿ ಕಾಯಿಲೆಯಿಂದ ಊರಿಗೆ ಹೋದವನು ಮತ್ತೆ ಪ್ಯಾರಿಸ್‌ನಲ್ಲಿ ನೆಲೆಸಲಾಗಲಿಲ್ಲ. ಸಯಾಮಿನಲ್ಲಿ 1687ರಲ್ಲಿ ಪಾದ್ರಿಗಳ ಎರಡನೆಯ ತಂಡದೊಡನೆ ಫ್ರೆಂಚ್ ಸೈನಿಕರೂ ಬಂದಿಳಿದಾಗ ಆಸ್ಥಾನದಲ್ಲಿ ಅನುಮಾನ ಕುದಿಯಿತು, ಅದು ಸಹಜವೂ ಆಗಿತ್ತು. 1688ರಲ್ಲಿ ಆಸ್ಥಾನದವನೇ ಆದ ಫೇತ್ರಾಚಾ ಅಧಿಕಾರ ಕಸಿದುಕೊಂಡನು, ನಾರಾಯ್ ಜುಲೈನಲ್ಲಿ ತೀರಿಕೊಂಡನು, ಫ್ರೆಂಚ್ ಪಡೆ ಹೊರದಬ್ಬಲ್ಪಟ್ಟಿತು, ವೀಕ್ಷಣಾಲಯದ ಕೆಲಸ ಅಲ್ಲಿಗೇ ನಿಂತಿತು.

ಆದರೆ ವಿದ್ಯೆ ಅರಸನೊಂದಿಗೇ ಮಣ್ಣಾಗುತ್ತದೆ ಎಂಬ ಮಾತನ್ನು ನಾವು ಒಪ್ಪದಿರುವುದು ಇದರ ಮುಂದಿನ ಪುಟದಿಂದಾಗಿ. ಹಾಗೆ ಸಯಾಮಿನಿಂದ ಹೊರಬಿದ್ದವರಲ್ಲಿ ಝಾಂ ರಿಶೋ ಎಂಬ ಪಾದ್ರಿ ಪುದುಚೇರಿಯನ್ನು ಸೇರಿದನು. ಆಗ ಅದು ಫ್ರೆಂಚ್ ಕಂಪನಿಯ ಒಂದು ಸಣ್ಣ ನೆಲೆ. ಅಲ್ಲಿ ವೀಕ್ಷಣಾಲಯವಿರಲಿಲ್ಲ, ದೊರೆಯ ಕಿಟಕಿಯೂ ಇರಲಿಲ್ಲ. 1689ರ ಡಿಸೆಂಬರ್‌ನಲ್ಲಿ ಒಂದು ಧೂಮಕೇತುವನ್ನು ನೋಡುತ್ತಿದ್ದ ಅವನ ದೂರದರ್ಶಕಕ್ಕೆ ಆಲ್ಫಾ ಸೆಂಟಾರಿ ನಕ್ಷತ್ರ ಒಂದಲ್ಲ, ಎರಡೆಂದು ಕಂಡಿತು. ಅವನು ಕೊಟ್ಟ ಆ ವರದಿಯನ್ನು ಪರೀಕ್ಷಿಸಲು ಯಾವ ಅರಸನ ಅಪ್ಪಣೆಯೂ ತಮಗೆ ಬೇಕಿಲ್ಲ. ಮೇ ತಿಂಗಳಲ್ಲಿ ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ, ದಕ್ಷಿಣ ದಿಗಂತಕ್ಕೆ ಗುಡ್ಡವೋ ಮರವೋ ಅಡ್ಡವಿಲ್ಲದ ಕಡೆ ನಿಂತರೆ ತ್ರಿಶಂಕುವಿನ ಎಡಕ್ಕೆ, ದಿಗಂತದಿಂದ ಹದಿನೈದು ಡಿಗ್ರಿಯೊಳಗೆ ಆ ನಕ್ಷತ್ರ ಕಾಣುತ್ತದೆ. ತಮ್ಮ ಊರಿನ ಕಾಲೇಜಿನಲ್ಲಿ ಸಾಧಾರಣ ದೂರದರ್ಶಕವೊಂದು ಇದ್ದರೂ ಸಾಕು, ಎರಡೂ ಬೇರೆಬೇರೆಯಾಗಿ ತೋರುತ್ತವೆ.

— ಸಂಪಾದಕ