ಬರಹಗಾರರಿಗೆ ಸಲಹೆ: ‘ಕ್ರೈಸ್ತರು ನಂಬುತ್ತಾರೆ’ ಎಂದರೆ ಯಾವ ಕ್ರೈಸ್ತರು?

ಮಾನ್ಯರೇ, ನಮಸ್ಕಾರ.

‘ಕೊನೆಯ ದಿನಗಳು ಹತ್ತಿರ ಬಂದಿವೆಯೇ?’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಭಾಷೆ ಸರಾಗವಾಗಿದೆ, ಓದಿದ ಶ್ರಮವೂ ಕಾಣುತ್ತದೆ. ಹಾಗಾಗಿಯೇ ಎರಡು ಸಾಲಿನ ವಿಷಾದಪತ್ರ ಕಳುಹಿಸದೆ ಇಷ್ಟು ಬರೆಯುತ್ತಿದ್ದೇನೆ.

ಭವಿಷ್ಯದ ಬಗ್ಗೆ ಮನುಷ್ಯನಿಗಿರುವ ಅನಾದಿ ಕುತೂಹಲವನ್ನು ವರ್ಣಿಸುವ ಮೊದಲ ಪುಟವನ್ನು ಪೂರ್ತಿ ಹೊಡೆದುಹಾಕಿ. ಅದರಿಂದ ಯಾರಿಗೂ ನಷ್ಟವಿಲ್ಲ. ನಿಜವಾದ ತೊಡಕು ಎರಡನೆಯ ಪುಟದಲ್ಲಿ ಶುರುವಾಗುತ್ತದೆ. ‘ಕ್ರೈಸ್ತರ ನಂಬಿಕೆಯ ಪ್ರಕಾರ’ ಎಂದು ಆರಂಭಿಸಿ ನೀವು ಹೇಳುವುದು ಇಷ್ಟು: ವಿಶ್ವಾಸಿಗಳು ಹಠಾತ್ತನೆ ಮೇಲಕ್ಕೆ ಎತ್ತಲ್ಪಡುತ್ತಾರೆ, ಭೂಮಿಯ ಮೇಲೆ ಏಳು ವರ್ಷ ಮಹಾಸಂಕಟ, ಕ್ರಿಸ್ತವಿರೋಧಿಯ ಆಡಳಿತ, ಆಮೇಲೆ ಕ್ರಿಸ್ತನ ಬರೋಣ, ಸಾವಿರ ವರ್ಷದ ಆಳ್ವಿಕೆ. ಇದು ಕ್ರೈಸ್ತರೆಲ್ಲರ ನಂಬಿಕೆಯಲ್ಲ. ಈ ಘಟನೆಗಳನ್ನು ಹೀಗೆ ಸಾಲಾಗಿ ಜೋಡಿಸಿ ಬೋಧಿಸಿದವರಲ್ಲಿ ಪ್ರಮುಖರು ಐರ್ಲೆಂಡಿನಲ್ಲಿ ಪಾದ್ರಿಯಾಗಿದ್ದ ಜಾನ್ ನೆಲ್ಸನ್ ಡಾರ್ಬಿ. ಕಾಲ 1830ರ ದಶಕ. 1909ರಲ್ಲಿ ಬಂದ, ಅಮೆರಿಕದ ಸ್ಕೋಫೀಲ್ಡ್ ಎಂಬಾತನ ಟಿಪ್ಪಣಿಗಳಿದ್ದ ಬೈಬಲ್ ಅದನ್ನು ಮನೆಮನೆಗೆ ಮುಟ್ಟಿಸಿತು. ನಮ್ಮಲ್ಲಿಯೂ ಅನೇಕ ಪೆಂಟೆಕೋಸ್ಟ್ ಸಭೆಗಳಲ್ಲಿ, ಸ್ವತಂತ್ರ ಸಭೆಗಳಲ್ಲಿ ಇದೇ ಬೋಧನೆ ಕೇಳಿಸುತ್ತದೆ, ನಿಜ. ಆದರೆ ಮಂಗಳೂರಿನ ಕಥೋಲಿಕ ಕುಟುಂಬವೊಂದಕ್ಕೆ ನಿಮ್ಮ ಲೇಖನ ಓದಿ ಹೇಳಿ ನೋಡಿ, ಇದು ಯಾರ ಧರ್ಮದ ಮಾತು ಎಂದು ಕೇಳಿಯಾರು. ಜೀವಂತರಿಗೂ ಸತ್ತವರಿಗೂ ನ್ಯಾಯತೀರಿಸಲು ಕ್ರಿಸ್ತನು ಮತ್ತೆ ಬರುವನೆಂದು ಅವರು ಭಾನುವಾರದ ಪೂಜೆಯಲ್ಲಿ ವಿಶ್ವಾಸಪ್ರಮಾಣ ಹೇಳುತ್ತಾರೆ. ಆದರೆ ಸಾವಿರ ವರ್ಷದ ಐಹಿಕ ರಾಜ್ಯದ ನಿರೀಕ್ಷೆಯನ್ನು ಅವರ ಸಭೆಯ, ಎಂದರೆ ಚರ್ಚಿನ, 1992ರ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ತಿರಸ್ಕರಿಸಿದೆ.

ಇದು ಇಂದು ನಿನ್ನೆಯ ಜಗಳವೂ ಅಲ್ಲ. ಬೈಬಲಿನ ಕೊನೆಯ ಭಾಗವಾದ ಪ್ರಕಟನೆ ಗ್ರಂಥದ 20ನೆಯ ಅಧ್ಯಾಯದಲ್ಲಿ ಬರುವ ಸಾವಿರ ವರ್ಷವನ್ನು ಎರಡನೆಯ ಶತಮಾನದ ಬಿಷಪ್ ಐರಿನೇಯಸ್ ಇದೇ ಭೂಮಿಯ ಮೇಲೆ ಎದುರುನೋಡಿದ. ಐದನೆಯ ಶತಮಾನದ ಬಿಷಪ್ ಅಗಸ್ಟೀನ್ ಅದು ಸಭೆಯ ಈಗಿನ ಕಾಲವೇ ಎಂದ. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಮೊದಲು ಸುವಾರ್ತೆ ಲೋಕವನ್ನು ಗೆಲ್ಲುತ್ತದೆ, ಕ್ರಿಸ್ತನು ಬರುವುದು ಆಮೇಲೆ ಎಂದು ನಂಬಿದ. ಮೂವರೂ ಬೈಬಲನ್ನು ಹಗುರವಾಗಿ ಕಂಡವರಲ್ಲ.

ನೀವು ಕೊನೆಯ ಪುಟದಲ್ಲಿ ನಾಲ್ಕು ಪಂಥಗಳ ಕೋಷ್ಟಕ ಹಾಕಿ, ‘ಅವರವರ ನಂಬಿಕೆ ಅವರವರಿಗೆ’ ಎಂದು ಕೈತೊಳೆದುಕೊಂಡಿದ್ದೀರಿ. ಕೋಷ್ಟಕ ಪರೀಕ್ಷೆಯ ಹಿಂದಿನ ರಾತ್ರಿ ಬರೆದುಕೊಂಡ ಟಿಪ್ಪಣಿಯಂತಿದೆ. ಒಂದೇ ವಚನವನ್ನು ಇಬ್ಬರು ಓದಿ ಬೇರೆಬೇರೆ ಕಡೆ ತಲುಪುವುದು ಹೇಗೆಂದು ಅದರಲ್ಲಿ ಎಲ್ಲೂ ತಿಳಿಯುವುದಿಲ್ಲ. ನನಗೆ ಬೇಕಾದದ್ದು ಅದು.

ಬೈಬಲಿನ ದಾನಿಯೇಲನ ಗ್ರಂಥದ 8ನೆಯ ಅಧ್ಯಾಯದ 14ನೆಯ ವಚನ ತೆಗೆದುಕೊಳ್ಳಿ. 2300 ಸಂಜೆ ಮುಂಜಾನೆಗಳಾದ ಮೇಲೆ ಪವಿತ್ರಾಲಯ ಸರಿಯಾಗುತ್ತದೆ ಎನ್ನುತ್ತದೆ ಅದು. ಅನೇಕ ವಿದ್ವಾಂಸರಿಗೆ ಇದು ಸಿರಿಯಾದ ಅರಸ ನಾಲ್ಕನೆಯ ಅಂತಿಯೋಕನು ಕ್ರಿಸ್ತಪೂರ್ವ 167ರಲ್ಲಿ ಯೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ ಕಾಲದ ಮಾತು: ಬೆಳಗಿನ ಬಲಿ, ಸಂಜೆಯ ಬಲಿ ಸೇರಿ 2300 ಎಂದರೆ 1150 ದಿನ, ಮೂರು ವರ್ಷಕ್ಕೆ ತುಸು ಹೆಚ್ಚು. ನ್ಯೂಯಾರ್ಕ್ ರಾಜ್ಯದ ರೈತ, ಬ್ಯಾಪ್ಟಿಸ್ಟ್ ವಿಲಿಯಂ ಮಿಲ್ಲರ್ ಅದನ್ನೇ ಬೇರೆ ಬಗೆಯಲ್ಲಿ ಓದಿದ. ಪ್ರವಾದನೆಯಲ್ಲಿ ಒಂದು ದಿನ ಎಂದರೆ ಒಂದು ವರ್ಷ. ಎಣಿಕೆ ಆರಂಭ ಪರ್ಷಿಯಾದ ಅರಸ ಅರ್ತಷಸ್ತನ ಆಜ್ಞೆ ಹೊರಟ ಕ್ರಿಸ್ತಪೂರ್ವ 457ರಿಂದ. 2300ರಲ್ಲಿ 457 ಕಳೆದರೆ 1843; ಕ್ರಿಸ್ತನು ಮರಳಿ ಬರುವುದು ಆಗಲೇ ಎಂದ. ಆ ವರ್ಷ ಏನೂ ಆಗಲಿಲ್ಲ. ಕ್ರಿಸ್ತಪೂರ್ವ 1 ಮುಗಿದೊಡನೆ ಕ್ರಿಸ್ತಶಕ 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದಾಗ 1844 ಬಂತು. ಸ್ಯಾಮ್ಯುಯೆಲ್ ಸ್ನೋ ಎಂಬ ಅನುಯಾಯಿ ಯೆಹೂದ್ಯರ ದೋಷಪರಿಹಾರಕ ದಿನಕ್ಕೆ ಹೊಂದಿಸಿ ಅಕ್ಟೋಬರ್ 22 ಎಂದು ತಾರೀಖನ್ನೇ ಹೇಳಿದ. ಜನ ಕಾದರು. ರಾತ್ರಿ ಕಳೆಯಿತು.

ನಿಮ್ಮ ಲೇಖನದಲ್ಲಿ ಮಿಲ್ಲರ್‌ಗೆ ಸಿಕ್ಕಿರುವುದು ಒಂದೇ ವಾಕ್ಯ, ಅದೂ ಗೇಲಿಯ ವಾಕ್ಯ. ಮರುದಿನ ಆದದ್ದೇ ಹೆಚ್ಚು ಕುತೂಹಲದ್ದು. ಹಲವರು ನಂಬಿಕೆಯನ್ನೇ ಬಿಟ್ಟರು. ಹೈರಮ್ ಎಡ್ಸನ್ ಮೊದಲಾದ ಅನುಯಾಯಿಗಳು ತಾರೀಖು ಸರಿ, ಆದರೆ ಘಟನೆ ನಡೆದದ್ದು ಪರಲೋಕದ ಪವಿತ್ರಾಲಯದಲ್ಲಿ ಎಂದರು. ಆ ಎಳೆಯಿಂದ ಬೆಳೆದು 1863ರಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಗೆ ಬೆಂಗಳೂರಿನಲ್ಲಿಯೂ ಚರ್ಚು, ಶಾಲೆಗಳಿವೆ. ಅವರೊಡನೆ ಮಾತನಾಡಿ. ಅವರು ಓದುವ ರೀತಿಯನ್ನು ಅವರಿಗೇ ಒಪ್ಪಿಗೆಯಾಗುವಂತೆ ವಿವರಿಸಿ, ಆಮೇಲೆ ನಿಮ್ಮ ತಕರಾರು ಬರೆಯಿರಿ. ತಕರಾರು ಇರಲಿ; ನನಗೂ ದಿನವನ್ನು ವರ್ಷವೆಂದು ಎಣಿಸುವ ಸೂತ್ರ ಒಪ್ಪಿಗೆಯಾಗಿಲ್ಲ.

ಕನ್ನಡಕ್ಕೆ ಹತ್ತಿರದ ಎಳೆಯೊಂದಿದೆ. ಜರ್ಮನಿಯ ವುರ್ಟೆಂಬರ್ಗಿನ ಬೆಂಗೆಲ್ ಎಂಬ ಪಂಡಿತ ಹದಿನೆಂಟನೆಯ ಶತಮಾನದಲ್ಲೇ 1836ಕ್ಕೆ ಅಂತ್ಯಕಾಲದ ದೊಡ್ಡ ತಿರುವು ಎಂದು ಲೆಕ್ಕ ಹಾಕಿದ್ದ. ‘ಮಂಗಳೂರು ಸಮಾಚಾರ’ದ ಮೋಗ್ಲಿಂಗ್ ಅದೇ ನಾಡಿನವರು, ಮಂಗಳೂರಿಗೆ ಬಂದದ್ದೂ 1836ರಲ್ಲಿ. ಇದನ್ನು ಕಾಕತಾಳೀಯ ಎಂದೇ ಬರೆಯಿರಿ. ಅದರಾಚೆ ಸಂಬಂಧ ಕಲ್ಪಿಸುವುದಾದರೆ ದಾಖಲೆ ಬೇಕು.

ಭೂಕಂಪಗಳ ಪಟ್ಟಿ ಬೇಡ. ಯುದ್ಧ, ಕ್ಷಾಮ, ಭೂಕಂಪಗಳು ಆರಂಭವಷ್ಟೇ ಎಂದು ಮತ್ತಾಯನ 24ನೆಯ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾನೆ. ಪ್ರಕಟನೆ ಗ್ರಂಥ ಮೃಗವೊಂದಕ್ಕೆ ಕೊಡುವ ಸಂಖ್ಯೆ 666 ಎಂದರೆ ಬಾರ್‌ಕೋಡ್ ಎಂಬ ಪ್ಯಾರಾವೂ ಹೋಗಲಿ. ‘ನೆರೋನ್ ಕೈಸರ್’ ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಅವುಗಳ ಸಂಖ್ಯಾಬೆಲೆ ಕೂಡಿದರೆ 666 ಬರುತ್ತದೆ. ಕೊನೆಯ ‘ನ್’ ಬಿಟ್ಟರೆ 616, ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಇರುವುದೂ ಅದೇ. ಆ ಮೃಗವೆಂದರೆ ರೋಮಿನ ಚಕ್ರವರ್ತಿ ನೀರೋ ಎನ್ನುವವರ ಆಧಾರ ಇದು. ಬಾರ್‌ಕೋಡಿನವರ ಬಳಿ ಇಂಥದ್ದು ಏನಿದೆ?

1500 ಪದ ಸಾಕು. ಚಿತ್ರ ಬೇಕೆನಿಸಿದರೆ ಬೆಂಕಿ ಹತ್ತಿದ ಭೂಗೋಳ ಕಳುಹಿಸಬೇಡಿ. ಮಿಲ್ಲರ್ ಅನುಯಾಯಿಗಳು ಪ್ರಚಾರಕ್ಕೆಂದು ಅಚ್ಚು ಹಾಕಿಸಿದ ದೊಡ್ಡ ಪಟವೊಂದಿದೆ: ದಾನಿಯೇಲನ ಗ್ರಂಥದಲ್ಲಿ ಬರುವ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಕನಸಿನ ಪ್ರತಿಮೆ, ಮೃಗಗಳು, ಪಕ್ಕದಲ್ಲಿ ಕೂಡುವ ಕಳೆಯುವ ಅಂಕಿಗಳ ಸಾಲು, ತುದಿಯಲ್ಲಿ 1843. ಅದನ್ನು ಹುಡುಕಿ ಕಳುಹಿಸಿ.

ಇತಿ,
ಸಂಪಾದಕ